ಬೀಗ ಹಾಕಿ ಕಿಟಕಿ ತೆರೆದ ಅಧ್ಯಕ್ಷ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡಿದರೆ ಸಾಕು, ನೀವೆಲ್ಲ ಆರಾಮಾಗಿ ಕಂಬಕ್ಕೆ ಒರಗುತ್ತೀರಿ. ಆ ಶ್ರೀಮಂತ ನಿಮಗೆ ಗೊತ್ತಿರುವವನೇ. ಅವನು ದಾನ ಮಾಡುವುದಿಲ್ಲ, ಕೊನೆಗೆ ಅಳುತ್ತಾನೆ, ನೀವು ಪ್ರಸಾದಕ್ಕೆ ಏಳುತ್ತೀರಿ. ಶ್ರಾವಣ ಹಿಡಿದಾಗಿನಿಂದ ಈ ಪ್ರವಚನದಲ್ಲಿ ಅವನನ್ನು ದಿನಾ ಅಳಿಸಿ ಅಳಿಸಿ ನನಗೇ ಪಾಪ ಅನಿಸಿದೆ. ಇವತ್ತು ಅವನಿಗೆ ರಜೆ. ಇವತ್ತು ಬೇರೆಯವನನ್ನು ಕರೆತಂದಿದ್ದೇನೆ.

ಒಂದು ದೇಶದಲ್ಲಿ ಒಬ್ಬ ಅಧ್ಯಕ್ಷ ಇದ್ದ.

ನೋಡಿ, ಅಧ್ಯಕ್ಷ ಎಂದ ಕೂಡಲೇ ಮುಂದಿನ ಸಾಲಿನಲ್ಲಿ ಇಬ್ಬರು ಶಾಲು ಸರಿಮಾಡಿಕೊಂಡರು. ನಿಮ್ಮ ಸುದ್ದಿ ಅಲ್ಲ, ಕೂತುಕೊಳ್ಳಿ. ಪತ್ತಿನ ಸಂಘದ ಅಧ್ಯಕ್ಷನಲ್ಲ, ಗಣಪತಿ ಮಂಡಳಿಯ ಅಧ್ಯಕ್ಷನೂ ಅಲ್ಲ. ಅಮೆರಿಕದ ಅಧ್ಯಕ್ಷ. ಅದೂ ಈಗಿನವನಲ್ಲ. ಆ ದೇಶ ಇನ್ನೂ ಅಂಬೆಗಾಲಿಡುತ್ತಿತ್ತು, ಯುದ್ಧ ಮುಗಿದು ಮದ್ದಿನ ವಾಸನೆ ಇನ್ನೂ ಕೋಟಿನಿಂದ ಹೋಗಿರಲಿಲ್ಲ, ಆ ಕಾಲದವನು.

ಇದು ನಿಜವಾದ ಕಥೆ. ಇಲ್ಲಿ ಇತಿಹಾಸ ಕಲಿಸುವ ಮೇಷ್ಟರು ಯಾರಾದರೂ ಕೂತಿದ್ದರೆ ದಯವಿಟ್ಟು ಪೆನ್ನು ಜೇಬಿಗೆ ಹಾಕಿಕೊಳ್ಳಲಿ. ಈ ಅಧ್ಯಕ್ಷನಿಗೆ ಹೆಸರಿಲ್ಲ, ಇಸವಿ ಇಲ್ಲ, ಮೊಬೈಲಿನಲ್ಲಿ ಹುಡುಕಿದರೆ ಸಿಗುವುದೂ ಇಲ್ಲ. ನಾನೇ ಕಟ್ಟಿದವನು. ಹಾಗಾದರೆ ನಿಜ ಹೇಗೆ ಎಂದು ಕೇಳುತ್ತೀರಾ? ತಡೆಯಿರಿ. ಮನೆಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಮಾತು. ಅವರು ಮನೆಯಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ಬರುವ ಇಂಗ್ಲಿಷಿನಲ್ಲಿ ಗಂಡ ಹೆಂಡಿರ ಜಗಳ ಆಡಿಸಲು ಆಗುವುದಿಲ್ಲ. ಅದಕ್ಕೆ ಅಧ್ಯಕ್ಷನನ್ನೂ ಅವನ ಹೆಂಡತಿಯನ್ನೂ ನಮ್ಮ ಗದಗಿನ ಮಾತಿಗೆ ಎಳೆದುಕೊಂಡಿದ್ದೇನೆ. ಅವರು ಅಡ್ಡಿ ಮಾಡಲಾರರು.

ಈ ಅಧ್ಯಕ್ಷ ಮೊದಲು ದಂಡನಾಯಕ. ವರ್ಷಗಟ್ಟಲೆ ತೋಪುಗಳ ಪಕ್ಕ ನಿಂತು ಯುದ್ಧ ಮಾಡಿದವನು. ಅವನ ದೊಡ್ಡ ಹೆಸರು ಏನೆಂದರೆ, ಬಾಯಿ ಬಿಡದ ಮನುಷ್ಯ ಎಂದು. ಮಂತ್ರಿಗಳು ಬೆಳಗಿನಿಂದ ಸಂಜೆಯವರೆಗೆ ಕಚ್ಚಾಡಿದರೂ ಇವನ ಬಾಯಿಂದ ಹೊರಡುವುದು ಒಂದು 'ಹೂಂ'. ಆ ಹೂಂ ಎಂಬುದನ್ನು ಹೀಗೆ, ಗದ್ದ ಎದೆಗೆ ತಾಗಿಸಿ, ಬಾವಿಯ ಒಳಗಿಂದ ತಂದ ಹಾಗೆ ಹೇಳುತ್ತಿದ್ದ. ಹೂಂ. ಅರ್ಧ ಮಂತ್ರಿಮಂಡಲ ಅದನ್ನು ಒಪ್ಪಿಗೆ ಎಂದುಕೊಳ್ಳುತ್ತಿತ್ತು, ಉಳಿದರ್ಧ ಬೈಗುಳ ಎಂದುಕೊಳ್ಳುತ್ತಿತ್ತು. ನಿಜ ಹೇಳಬೇಕೆಂದರೆ ಎಷ್ಟೋ ಸಲ ಅವನಿಗೆ ಕೇಳಿಸಿರುತ್ತಲೇ ಇರಲಿಲ್ಲ. ತೋಪುಗಳು ಅವನ ಕಿವಿಯನ್ನು ತಿಂದುಹಾಕಿದ್ದವು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

ಮನೆಯಲ್ಲಿ ಹೆಂಡತಿ. ಜೊತೆಗೆ ಅಕ್ಕನ ಮಗ, ಪ್ರಾಯದ ಹುಡುಗ. ಇವನ ತಂದೆ ಯುದ್ಧದಲ್ಲಿ ಅಧ್ಯಕ್ಷನ ಪಕ್ಕದಲ್ಲೇ ನಿಂತು ಬಿದ್ದವನು. ಅಂದಿನಿಂದ ಸೋದರಮಾವನೇ ಸಾಕಿ, ಓದಿಸಿ, ಈಗ ತನ್ನ ಕಚೇರಿಯಲ್ಲಿ ನಕಲುಗಾರನ ಕೆಲಸ ಕೊಟ್ಟಿದ್ದ. ನಕಲುಗಾರ ಎಂದರೆ ಪರೀಕ್ಷೆಯ ನಕಲಲ್ಲ, ನಗಬೇಡಿ. ಆಗ ಝೆರಾಕ್ಸ್ ಇರಲಿಲ್ಲ. ಹೊರಗೆ ಹೋಗುವ ಪ್ರತಿ ಸರ್ಕಾರಿ ಕಾಗದಕ್ಕೂ ಒಂದು ಪ್ರತಿ ಕೈಯಲ್ಲೇ ಬರೆದು ಇಟ್ಟುಕೊಳ್ಳಬೇಕು. ಆ ಮನೆಯ ಝೆರಾಕ್ಸ್ ಈ ಸೋದರಳಿಯ. ವಿಧವೆ ತಾಯಿಗೆ ಅವನೊಬ್ಬನೇ ಮಗ. ಮಾವನ ಮನೆಯಲ್ಲಿ ಅವನಿಗೆ ಇದ್ದ ಆಸ್ತಿ ಒಂದೇ, ಅದು ಮಾವನ ನಂಬಿಕೆ.

ಅಧ್ಯಕ್ಷನಿಗೆ ಎರಡು ಪೆಟ್ಟಿಗೆ. ಒಂದು ಸರ್ಕಾರಿ ಕಾಗದಕ್ಕೆ, ಒಂದು ಖಾಸಗಿ ಕಾಗದಕ್ಕೆ. ಸರ್ಕಾರಿ ಕಾಗದಕ್ಕೆ ಹದ್ದಿನ ಮೊಹರು, ಖಾಸಗಿಗೆ ಬೆರಳಿನ ಉಂಗುರದ ಮೊಹರು. ಸರ್ಕಾರಿ ಕಾಗದದಲ್ಲಿ 'ಸದರಿ ವಿಷಯವನ್ನು ಪರಿಶೀಲಿಸಲಾಗುವುದು'. ಖಾಸಗಿ ಕಾಗದದಲ್ಲಿ ಮನಸ್ಸು. ಅವನ ಮನಸ್ಸೆಲ್ಲ ಹೋಗುತ್ತಿದ್ದುದು ಒಬ್ಬ ಹಳೆಯ ಗೆಳೆಯನಿಗೆ. ಆ ಗೆಳೆಯ ದೂರದ ಹಳ್ಳಿಯಲ್ಲಿ ಕುದುರೆ ಸಾಕಿಕೊಂಡಿದ್ದ. ಎದುರಿಗಿರುವ ಹೆಂಡತಿಗೆ ಹೇಳದ್ದನ್ನು, ಪಕ್ಕದ ಕೋಣೆಯ ಸೋದರಳಿಯನಿಗೆ ಹೇಳದ್ದನ್ನು, ಗಂಡು ಮಕ್ಕಳು ದೂರದ ಗೆಳೆಯನಿಗೆ ಹೇಳುತ್ತಾರಲ್ಲ, ಹಾಗೆ. ಇದು ಅಮೆರಿಕದಲ್ಲಿ ಮಾತ್ರ, ನಮ್ಮಲ್ಲಿ ಇಲ್ಲ ಬಿಡಿ.

ಅಧ್ಯಕ್ಷನಾಗುವ ಮೊದಲು ಅವನ ಮನೆಯೂ ಹೊಲದ ನಡುವೆ ಇತ್ತು, ಸುತ್ತ ನರಪಿಳ್ಳೆ ಇರಲಿಲ್ಲ. ಈಗ ರಾಜಧಾನಿಯಲ್ಲಿ ಬೀದಿಗೆ ಅಂಟಿದ ಮನೆ. ಅವನ ಬರೆಯುವ ಕೋಣೆ ಮಹಡಿಯ ಮೇಲೆ. ಕೆಳಗೆ ಬೀದಿಯಲ್ಲಿ ಒಂದು ಬ್ರೆಡ್ಡಿನ ಭಟ್ಟಿ. ಬೆಳಗಾಗುತ್ತಲೇ ಊರಿನ ಎಲ್ಲ ದೊಡ್ಡ ಮನೆಗಳ ಕೆಲಸದವರೂ ಬುಟ್ಟಿ ಹಿಡಿದು ಅಲ್ಲಿ ಸಾಲು ನಿಲ್ಲುತ್ತಿದ್ದರು. ಇವನು ಬರೆಯಲು ಕೂರುತ್ತಿದ್ದುದೂ ಅದೇ ಹೊತ್ತಿಗೆ, ನಾಷ್ಟಾಕ್ಕೆ ಮೊದಲು.

ಈಗ ಸಂಶಯ ಹುಟ್ಟುವುದನ್ನು ನೋಡಿ.

ಒಂದು ದಿನ ಗೆಳೆಯನಿಗೆ ಬರೆದ: ನನ್ನ ಹಣಕಾಸಿನ ಮಂತ್ರಿ ಲೆಕ್ಕದಲ್ಲಿ ಬಲು ಗಟ್ಟಿ, ಊಟದಲ್ಲಿ ಅದಕ್ಕಿಂತ ಗಟ್ಟಿ. ಮಡಚಿದ, ಅರಗು ಕಾಯಿಸಿದ, ಉಂಗುರ ಒತ್ತಿದ, ಪೆಟ್ಟಿಗೆಯಲ್ಲಿಟ್ಟ. ಅಂಚೆಯ ಗಾಡಿ ಬರಲು ಇನ್ನೂ ಸಮಯವಿತ್ತು. ಮರುದಿನ ಮಧ್ಯಾಹ್ನ ಅದೇ ಮಂತ್ರಿ ಊಟಕ್ಕೆ ಬಂದ. ಬಡಿಸಲು ಬಂದವರಿಗೆಲ್ಲ ಕೈ ಅಡ್ಡ ಹಿಡಿದ. ಸಾಕು, ಸಾಕು, ನಾನು ಊಟದಲ್ಲಿ ಅಷ್ಟು ಗಟ್ಟಿ ಅಲ್ಲ ಎಂದ. ಅಧ್ಯಕ್ಷನ ಕೈಯ ಚಮಚ ಅಲ್ಲೇ ನಿಂತಿತು. ಓಡಿಹೋಗಿ ಪೆಟ್ಟಿಗೆ ತೆರೆದ. ಕಾಗದ ಅಲ್ಲೇ ಇದೆ. ಮೊಹರು ಗಟ್ಟಿ ಇದೆ.

ಇನ್ನೊಂದು ದಿನ ಬರೆದ: ಪರದೇಶದ ರಾಯಭಾರಿಯ ಹೆಂಡತಿ ಹಾಡು ಹೇಳಿದರೆ ನನ್ನ ಕುದುರೆ ಲಾಯ ಬಿಟ್ಟು ಓಡುತ್ತದೆ. ಆ ವಾರದ ಔತಣದಲ್ಲಿ ರಾಯಭಾರಿಯ ಹೆಂಡತಿ ಹಾಡಲಿಲ್ಲ. ಹಾಡದೆ ಇದ್ದದ್ದು ಒಳ್ಳೆಯದೇ ಆಯಿತು, ಆದರೆ ಹೋಗುವಾಗ ನಿಮ್ಮ ಕುದುರೆಗೆ ನನ್ನ ನಮಸ್ಕಾರ ಹೇಳಿ ಎಂದಳು. ಕಾಗದ? ಪೆಟ್ಟಿಗೆಯಲ್ಲೇ ಇದೆ. ಮೊಹರು? ಗಟ್ಟಿ.

ಶರಣರೇ, ಅರಗು ಬೆಂಕಿ ಕಂಡರೆ ಕರಗುತ್ತದೆ. ಸಂಶಯ ಏನು ಕಂಡರೂ ಕರಗುವುದಿಲ್ಲ, ಕಂಡದ್ದನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಅಡುಗೆಯವಳು ಗುನುಗಿದರೆ ಇವನಿಗೆ ಸಂಶಯ, ಇವಳಿಗೇನು ಇಷ್ಟು ಸಂತೋಷ ಎಂದು. ಗುನುಗದಿದ್ದರೆ ಸಂಶಯ, ಏನು ಬಚ್ಚಿಡುತ್ತಿದ್ದಾಳೆ ಎಂದು. ಗಾಡಿಯವನು ಎದುರಿಗೆ ಬಂದರೆ ಯಾಕೆ ಬಂದ, ಬರದಿದ್ದರೆ ಎಲ್ಲಿ ಹೋದ. ಅಂತಹ ದಂಡನಾಯಕ, ಶತ್ರುವಿನ ಎದುರು ಎದೆ ಕೊಟ್ಟು ನಡೆದವನು, ಸ್ವಂತ ಮನೆಯಲ್ಲಿ ಬೂಟು ಕೈಯಲ್ಲಿ ಹಿಡಿದು, ಹೀಗೆ, ಗೋಡೆಗೆ ಬೆನ್ನು ತಾಗಿಸಿಕೊಂಡು, ತುದಿಗಾಲಿನಲ್ಲಿ ನಡೆಯತೊಡಗಿದ. ನೀವು ನಗುತ್ತಿದ್ದೀರಿ. ಸೊಸೆ ಫೋನಿನಲ್ಲಿದ್ದಾಗ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೇಗೆ ಹೋಗುತ್ತೀರಿ, ನಾನು ನಡೆದು ತೋರಿಸಲೇ?

ಒಂದು ದಿನ ಹೆಂಡತಿ ತಡೆಯಲಾರದೆ ಬಾಯಿ ತೆರೆದಳು. "ಅಲ್ರೀ, ನೀವು ಕಾಗದ ಬರಿಯೂ ಮುಂದ..." ಅಷ್ಟೇ ಅಂದಿದ್ದು.

ಅವನು ಕತ್ತು ತಿರುಗಿಸಿದ. "ನಾ ಬರಿಯೂ ಮುಂದ ಏನಾಗ್ತೈತಿ ಅನ್ನೂದು ನಿನಗ ಹ್ಯಾಂಗ ಗೊತ್ತು?"

ಮುಗಿಯಿತು. ಅವಳು ತುಟಿ ಹೊಲಿದುಕೊಂಡಳು. ಇಲ್ಲಿ ನೋಡಿ, ಇಲ್ಲಿ ಸ್ವಲ್ಪ ನಿಲ್ಲಿ. ಸಂಶಯ ಮನೆಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸ ಏನು? ನಿಜ ಹೇಳಬಲ್ಲ ಬಾಯಿ ಯಾವುದೋ, ಅದನ್ನೇ ಮೊದಲು ಮುಚ್ಚಿಸುತ್ತದೆ.

ಅಂದಿನಿಂದ ಅಧ್ಯಕ್ಷ ತಾನು ಬರೆಯುವಾಗ ಯಾರನ್ನೂ ಒಳಗೆ ಬಿಡಲಿಲ್ಲ. ಕೋಣೆಯ ಬಾಗಿಲಿಗೆ ಹೊಸ ಬೀಗ ಹಾಕಿಸಿದ. ಕೀಲಿಕಂಡಿಗೆ ಒಳಗಿಂದ ಅರಗು ತುಂಬಿದ, ಯಾರೂ ಇಣುಕಬಾರದು ಎಂದು. ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿದ. ಅರಗಿನ ಹೊಗೆ ಕೋಣೆ ತುಂಬಿತು, ಕೆಮ್ಮು ಬಂತು, ಉಸಿರು ಕಟ್ಟಿತು. ಆಗ ಏನು ಮಾಡಿದ?

ಕಿಟಕಿ ತೆರೆದ.

ಬೀಗ ಹಾಕಿದ, ಕಂಡಿ ಮುಚ್ಚಿದ, ಸಂದಿ ತುರುಕಿದ, ಕಿಟಕಿ ತೆರೆದ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ.

ಇಷ್ಟಾದರೂ ಸುದ್ದಿ ಹೋಗುವುದು ನಿಲ್ಲಲಿಲ್ಲ. ಆಗ ದಂಡನಾಯಕ ದಂಡನಾಯಕನ ಹಾಗೆ ಯೋಚಿಸಿದ. ಬಲೆ ಹಾಕಬೇಕು. ಒಂದು ಬೆಳಿಗ್ಗೆ ಗೆಳೆಯನಿಗೆ ಹಸಿ ಸುಳ್ಳು ಬರೆದ: ಈ ಪದವಿ ಸಾಕಾಗಿದೆ, ಮುಂದಿನ ತಿಂಗಳು ಇದನ್ನು ಬಿಟ್ಟು ಊರಿಗೆ ಬಂದು ಹೇಸರಗತ್ತೆ ಸಾಕುತ್ತೇನೆ. ಮಡಚಿ ಮೊಹರು ಒತ್ತಿದ. ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ. ತನ್ನ ತಲೆಯಿಂದ ಒಂದು ಬಿಳಿ ಕೂದಲು ಕಿತ್ತು ಖಾನೆಯ ಬಾಯಿಗೆ ಅಡ್ಡ ಅಂಟಿಸಿದ. ಯಾರು ತೆಗೆದರೂ ಕೂದಲು ಕಡಿಯಬೇಕು. ಆ ಖಾನೆಗೆ ಎರಡೇ ಕೀಲಿ. ಒಂದು ಅವನ ಸೊಂಟದಲ್ಲಿ. ಇನ್ನೊಂದು ಯಾರ ಹತ್ತಿರ? ನಕಲುಗಾರ ಸೋದರಳಿಯನ ಹತ್ತಿರ.

ಸಂಜೆಯ ಹೊತ್ತಿಗೆ ಮಂತ್ರಿಗಳು ಒಬ್ಬೊಬ್ಬರಾಗಿ ಬಂದರು. ಒಬ್ಬನ ಕಣ್ಣಲ್ಲಿ ನೀರು, ನಮ್ಮನ್ನು ನಡುನೀರಲ್ಲಿ ಕೈಬಿಡಬೇಡಿ ಎಂದು. ಇನ್ನೊಬ್ಬ ಹೇಸರಗತ್ತೆಗೆ ಯಾವ ಹುಲ್ಲು ಒಳ್ಳೆಯದು ಎಂದು ವಿವರಿಸಿದ. ಅವನಿಗೆ ಮುಂದಿನ ಅಧ್ಯಕ್ಷನಾಗುವ ಆಸೆ ಇತ್ತು. ಮೂರನೆಯವನು, ಪಾಪ ಮುದುಕ, ಬೇರೇನೂ ಕೇಳಲಿಲ್ಲ. ಜೇಬಿನಿಂದ ಒಂದು ಸಣ್ಣ ಬಾಟಲಿ ತೆಗೆದು ಕೈಗಿಟ್ಟ. ಲವಂಗದ ಎಣ್ಣೆ, ಹಲ್ಲುನೋವಿಗೆ ಬಹಳ ಒಳ್ಳೆಯದು, ಎಡಗಡೆ ದವಡೆಗೆ ಹಚ್ಚಿಕೊಳ್ಳಿ ಎಂದ.

ಈಗ ನಾನು ಕೇಳುತ್ತೇನೆ. ಅಧ್ಯಕ್ಷನಿಗೆ ಹಲ್ಲುನೋವು ಇತ್ತು, ನಿಜ. ಎಡಗಡೆಗೇ, ಅದೂ ನಿಜ. ಆದರೆ ಕಾಗದದಲ್ಲಿ ಹಲ್ಲಿನ ಸುದ್ದಿ ಬರೆದಿದ್ದನೇ? ಒಂದಕ್ಷರ ಬರೆದಿರಲಿಲ್ಲ. ಕಾಗದ ಕದ್ದು ಓದಿದವನಿಗೆ ಹಲ್ಲುನೋವು ಹೇಗೆ ಸಿಗುತ್ತದೆ? ಬುದ್ಧಿವಂತನಾಗಿದ್ದರೆ ಅಲ್ಲೇ ನಿಂತು ಯೋಚಿಸುತ್ತಿದ್ದ. ಇವನು ಯೋಚಿಸಲಿಲ್ಲ. ಸಂಶಯ ಬಂದವನಿಗೆ ಯೋಚನೆ ಯಾಕೆ ಬೇಕು, ಅವನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಎಣ್ಣೆ ಜೇಬಿಗೆ ಹಾಕಿಕೊಂಡು ಸೀದಾ ಖಾನೆಯ ಹತ್ತಿರ ಹೋದ. ಕೂದಲು ಇತ್ತು. ಇಟ್ಟಂತೆಯೇ ಇತ್ತು.

ಕೂದಲು ಇದ್ದದ್ದು ನೋಡಿ ಅವನಿಗೆ ಸಮಾಧಾನ ಆಯಿತೇ? ಇಲ್ಲ. ಎಂತಹ ಚಾಲಾಕಿ, ತೆಗೆದು ಮತ್ತೆ ಕೂದಲು ಅಂಟಿಸಿದ್ದಾನೆ ಎಂದುಕೊಂಡ. ಇಂತಹ ನಾಜೂಕು ಕೈ ಈ ಮನೆಯಲ್ಲಿ ಯಾರದು? ನಕಲು ಬರೆದು ಬರೆದು ಪಳಗಿದ ಕೈ ಯಾರದು?

ಮರುದಿನ ಬೆಳಿಗ್ಗೆ ಅಧ್ಯಕ್ಷ ಬೀಗ ಹಾಕಿದ, ಕಂಡಿ ಮುಚ್ಚಿದ, ಸಂದಿ ತುರುಕಿದ, ಕಿಟಕಿ ತೆರೆದ. ಹೊಸ ಹಕ್ಕಿಗರಿಯ ಲೇಖನಿ ಹೆರೆದ. ಸೋದರಳಿಯನನ್ನು ಕೆಲಸದಿಂದ ತೆಗೆದುಹಾಕುವ ಕಾಗದ ಬರೆಯಲು ಕೂತ. ಖಾಸಗಿ ಅಲ್ಲ, ಸರ್ಕಾರಿ. ಹದ್ದಿನ ಮೊಹರಿನದು. ಅಂತಹ ಕಾಗದ ಹಿಡಿದು ಹೊರಬಿದ್ದ ಹುಡುಗನಿಗೆ ಆ ಊರಿನಲ್ಲಿ ಯಾರೂ ಕುರ್ಚಿ ಕೊಡುವುದಿಲ್ಲ, ಯಾರೂ ಹೆಣ್ಣು ಕೊಡುವುದಿಲ್ಲ. ಮನೆಯಲ್ಲಿ ಕದ್ದವನು ಎಂಬ ಹೆಸರು ಅವನಿಗಿಂತ ಮೊದಲು ಊರೂರು ಸುತ್ತಿರುತ್ತದೆ.

ಅದೇ ಹೊತ್ತಿಗೆ ಹೆಂಡತಿ ಪಕ್ಕದ ಕೋಣೆಯ ಬಾಗಿಲಿಗೆ ಬಂದಳು. ನೋಡಿದರೆ ಸೋದರಳಿಯ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾನೆ. ನಡುನಡುವೆ ಮೇಜಿನ ಹತ್ತಿರ ಹೋಗಿ ಏನೋ ಬರೆಯುತ್ತಿದ್ದಾನೆ, ಮತ್ತೆ ಬಂದು ಅಂಗಿ ಮಡಚುತ್ತಿದ್ದಾನೆ. ಕಣ್ಣು ಕೆಂಪಾಗಿದೆ.

"ಎಲ್ಲಿಗೆ ಹೊಂಟೀಯಪಾ?"

"ನನ್ನ ಕೆಲಸದಿಂದ ತಗದಾರ್ರೀ ಅತ್ತಿ."

"ಯಾರು?"

"ಮಾಮಾ."

"ನಿನಗ ಯಾವಾಗ ಹೇಳಿದ್ರು?"

"ನನಗ ಎಲ್ಲಿ ಹೇಳ್ಯಾರ್ರೀ. ಕಾಗದಕ್ಕ ಹೇಳಾಕತ್ತಾರ, ಕೇಳ್ರಿ."

ಅತ್ತೆ ಕಿವಿಗೊಟ್ಟಳು. ಕಿವಿ ಕೊಡುವ ಅಗತ್ಯವೇ ಇರಲಿಲ್ಲ. ಗೋಡೆಯ ಆಚೆಯಿಂದ ಅಧ್ಯಕ್ಷನ ಧ್ವನಿ, ತೋಪಿನ ಸದ್ದನ್ನು ಮೀರಿಸುವ ಧ್ವನಿ, ಒಂದೊಂದು ಅಕ್ಷರ ಬಿಡಿಸಿ ಬಿಡಿಸಿ ಬರುತ್ತಿತ್ತು: "ಈ... ದಿನದಿಂದ... ತೆಗೆದುಹಾಕಲಾಗಿದೆ."

ಈಗ ತಿಳಿಯಿತೇ? ಯುದ್ಧದ ಕಾಲದಲ್ಲಿ ಇವನು ಕಾಗದ ಬರೆಸುತ್ತಿದ್ದುದು ತೋಪುಗಳ ಮಧ್ಯೆ ನಿಂತು. ಗುಮಾಸ್ತನಿಗೆ ಕೇಳಿಸಬೇಕಲ್ಲ, ಒದರಿ ಒದರಿ ಬರೆಸುತ್ತಿದ್ದ. ಯುದ್ಧ ಮುಗಿಯಿತು, ಗುಮಾಸ್ತ ಹೋದ, ಗರಿ ಅವನ ಕೈಗೇ ಬಂತು. ಒದರುವುದು ಮಾತ್ರ ಹಾಗೇ ಉಳಿಯಿತು. ಬಾಯಿ ಹೇಳದೆ ಕೈ ಬರೆಯದು. ಕಿವಿ ಮಂದವಾದ್ದರಿಂದ ಅವನಿಗೆ ಅದು ಮನಸ್ಸಿನ ಒಳಗಿನ ಮಾತು. ಊರಿಗೆಲ್ಲ ಅದು ಡಂಗುರ. ಹೊಲದ ನಡುವಿನ ಮನೆಯಲ್ಲಿ ಕುದುರೆಗಳು ಕೇಳುತ್ತಿದ್ದವು, ಅವು ಯಾರಿಗೂ ಹೇಳುತ್ತಿರಲಿಲ್ಲ. ಇಲ್ಲಿ ಕಿಟಕಿಯ ಕೆಳಗೆ ಬ್ರೆಡ್ಡಿನ ಸಾಲು. ಗುಟ್ಟನ್ನು ಇಷ್ಟು ಗಟ್ಟಿಯಾಗಿ ಹೇಳಿದರೆ ಅದು ಗುಟ್ಟಾಗಿ ಉಳಿಯುವುದೇ?

ಅತ್ತೆ ಮೆಲ್ಲಗೆ ಕಿಟಕಿಯಿಂದ ಬಗ್ಗಿ ನೋಡಿದಳು. ಕೆಳಗೆ ಮಂತ್ರಿಗಳ ಮನೆಯ ಕೆಲಸದವರೆಲ್ಲ ಬುಟ್ಟಿ ಹಿಡಿದು ಮುಖ ಮೇಲೆ ಮಾಡಿ ನಿಂತಿದ್ದಾರೆ. ಸಾಲು ಮುಂದೆ ಸರಿಯುತ್ತಿಲ್ಲ. ಭಟ್ಟಿಯವನೂ ಸುಮ್ಮನೆ ನಿಂತಿದ್ದಾನೆ, ಒಳಗೆ ಬ್ರೆಡ್ಡು ಸೀಯುತ್ತಿದೆ. ಒಬ್ಬಳು ಏನೋ ಮಾತಾಡಲು ಹೋದಳು, ಹಿಂದಿನವಳು ಅವಳ ಸೆರಗು ಎಳೆದಳು. "ಸುಮ್ನಿರವಾ, ಮುಂದ ಏನಂತಾರ ಕೇಳೂಣು."

ಅಮೆರಿಕದಲ್ಲಿ ಸೆರಗು ಎಲ್ಲಿಂದ ಬಂತು ಎಂದು ಕೇಳಬೇಡಿ. ನಾನು ಉಡಿಸಿದ್ದೇನೆ.

ಅತ್ತೆ ಒಳಗೆ ತಿರುಗಿದಳು. ಇಷ್ಟು ದಿನ ಕೇಳಿಸಿದರೂ ನೀನು ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹ್ಯಾಂಗ ಹೇಳ್ಲಿರೀ ಅತ್ತಿ. ಮಾಮಾ, ನಿಮ್ಮ ಖಾಸಗಿ ಕಾಗದ ಎಲ್ಲಾ ನಾ ಕೇಳೇನಿ ಅಂದ್ರ, ಕಳ್ಳ ನಾನ ಅಂತ ಆತಲ್ಲ."

ಅತ್ತೆ ತಲೆದೂಗಿದಳು. ತಾನು ಬಾಯಿ ತೆರೆದಾಗ ಆದದ್ದೂ ಅದೇ. ಕಣ್ಣು ಮೇಜಿನ ಕಡೆ ಹೋಯಿತು. "ಅದೇನು ಬರಿಯಾಕತ್ತೀದಿ?"

"ನಕಲು ರೀ. ಸರ್ಕಾರಿ ಕಾಗದ ಅಲ್ಲೇನು. ಇವತ್ತಿನ ಮಟ್ಟಿಗೆ ಕೆಲಸ ಇನ್ನೂ ನಂದ ಐತಿ."

ಇಂತಹವನು ನೋಡಿ ಹುಡುಗ. ತನ್ನ ಕೊರಳಿಗೆ ಹಗ್ಗ ಹೆಣೆಯುತ್ತಿದ್ದರೂ ಅದಕ್ಕೊಂದು ನಕಲು ಮಾಡಿಡುವವನು. ಅತ್ತೆ ಆ ನಕಲನ್ನು ಓದಿದಳು. ಓದುತ್ತ ಓದುತ್ತ ಅವಳ ಕಣ್ಣು ಒದ್ದೆಯಾಯಿತು, ಆಮೇಲೆ ತುಟಿಯ ಮೂಲೆ ಏನೋ ತುಂಟತನಕ್ಕೆ ಮೇಲೆದ್ದಿತು. ಕೊನೆಯ ಸಾಲಿನವರೆಗೂ ಬರಿ, ಒಂದು ಉಸಿರು ಸಹ ಬಿಡಬೇಡ ಎಂದಳು. ಮುಗಿದ ಮೇಲೆ ಮಡಚಿದಳು, ಅರಗು ಹನಿಸಿದಳು. ಮೊಹರಿಗೆ ಏನು ಮಾಡುವುದು? ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗೆ ಇರುತ್ತದಲ್ಲ, ಅದನ್ನೇ ಒತ್ತಿದಳು. ಮೇಲೆ ಬರೆದಳು: ಮಾನ್ಯ ಅಧ್ಯಕ್ಷರಿಗೆ, ಖಾಸಗಿ.

ಸ್ವಲ್ಪ ಹೊತ್ತಿಗೆ ಅಧ್ಯಕ್ಷ ಕೆಳಗಿಳಿದು ಬಂದ. ಕೈಯಲ್ಲಿ ಸರ್ಕಾರಿ ಕಾಗದ. ಮಸಿ ಇನ್ನೂ ಆರಿಲ್ಲ, ಮೂಲೆ ಹಿಡಿದು ಗಾಳಿಗೆ ಆಡಿಸುತ್ತ ಬಂದ. ಮೆಟ್ಟಿಲ ಬುಡದಲ್ಲಿ ಸೋದರಳಿಯ ಟ್ರಂಕಿನ ಪಕ್ಕ ನಿಂತಿದ್ದ. ಅವನನ್ನು ನೋಡದವನ ಹಾಗೆ ದಾಟಿ ಊಟದ ಕೋಣೆಯಲ್ಲಿ ಹೆಂಡತಿಯ ಪಕ್ಕ ಕೂತ. ಅಲ್ಲೂ ಕಿಟಕಿ ತೆರೆದಿತ್ತು. ತಟ್ಟೆಯ ಮೇಲಿನ ಮುಚ್ಚಳ ಎತ್ತಿದ. ಬ್ರೆಡ್ಡು ಇಲ್ಲ. ಅದು ಸೀದುಹೋಗಿತ್ತು. ಬ್ರೆಡ್ಡಿನ ಜಾಗದಲ್ಲಿ ಒಂದು ಕಾಗದ. ಒಡೆದು ಓದತೊಡಗಿದ.

'ಶ್ರೀಯುತರಿಗೆ, ಕಚೇರಿಯ ಗುಟ್ಟನ್ನು ಹೊರಗೆ ಬಿಟ್ಟ ಕಾರಣಕ್ಕಾಗಿ ತಮ್ಮನ್ನು ಈ ದಿನದಿಂದ ತೆಗೆದುಹಾಕಲಾಗಿದೆ.'

ಅವನ ಮುಖ ಬಿಳಿಚಿತು. ತನ್ನ ಕೈಯ ಕಾಗದದ ಮಸಿ ಆರಿಲ್ಲ, ಅದರ ನಕಲು ಆಗಲೇ ತಟ್ಟೆಯಲ್ಲಿದೆ. ಬೀಗ ಹಾಕಿದ್ದೆ. ಕಂಡಿ ಮುಚ್ಚಿದ್ದೆ. ಸಂದಿ ತುರುಕಿದ್ದೆ. ಇದು ಮನುಷ್ಯರ ಕೆಲಸ ಅಲ್ಲ. ಕಣ್ಣು ಮುಂದಿನ ಸಾಲಿಗೆ ಜಾರಿತು. ಅಲ್ಲಿ ತಾನು ಬರೆಯದೇ ಇದ್ದದ್ದೆಲ್ಲ ಇತ್ತು. ಗರಿಗೆ ಬೈದದ್ದು, ಹಲ್ಲಿಗೆ ನರಳಿದ್ದು, ಕೆಮ್ಮಿದ್ದು, ಕೆಮ್ಮಿದ ಮೇಲೆ ಅಯ್ಯಪ್ಪಾ ಅಂದದ್ದು. ಆಮೇಲೆ ಇದು ಇತ್ತು:

'ತಾವು ಕೀಲಿಯನ್ನು ಒಪ್ಪಿಸಿ ಹೊರಡತಕ್ಕದ್ದು. ಹೊರಡತಕ್ಕದ್ದು ಅಂತ. ಎಲ್ಲಿಗೆ ಹೊಂಡ್ತಾನ ಅಂವ. ಅಕ್ಕಗ ನಾ ಏನಂತ ಮಾರಿ ತೋರಸ್ಲಿ. ಇವನ ಅಪ್ಪ ನನ್ನ ಬಾಜೂಕ ಬಿದ್ದಾಗ ಇಂವ ಇಷ್ಟ ಸಣ್ಣಾಂವ ಇದ್ದ. ನನ್ನ ಬೂಟಿನ್ಯಾಗ ಕಾಲಿಟ್ಟು ಅಂಗಳ ತುಂಬ ಅಡ್ಡಾಡತಿದ್ದ. ಹೊಟ್ಟಿಲೆ ಹುಟ್ಟಿದ ಮಗನ್ನ ಸೈತ ನಾ ಇಷ್ಟು ಹಚಗೊಂತಿರಲಿಲ್ಲ. ಇರಲಿ. ಇಂತಿ ತಮ್ಮ ವಿಶ್ವಾಸಿ. ವಿಶ್ವಾಸಿ ಅಂತ, ನಾಚಿಗಿ ಬರಬೇಕು ನನಗ.'

ಓದಿ ಮುಗಿಸಿದ. ಎರಡು ಕೈಯಲ್ಲಿ ಎರಡು ಕಾಗದ. ಒಂದು ಸರ್ಕಾರಿ, ಒಂದು ಖಾಸಗಿ. ಬಾಗಿಲಲ್ಲಿ ಟ್ರಂಕು ಹಿಡಿದ ಹುಡುಗ.

ಇಲ್ಲಿ ನಿಲ್ಲಿಸುತ್ತೇನೆ.

ಗದ್ದಲ ಮಾಡಬೇಡಿ, ಮುಂದೇನಾಯಿತು ಹೇಳುತ್ತೇನೆ. ಮೊದಲು ನಿಮ್ಮ ಸುದ್ದಿ ಮುಗಿಯಲಿ. ಕಿಟಕಿಯ ಮಾತು ಆಮೇಲೆ ಕೇಳುತ್ತೇನೆ ಎಂದಿದ್ದೆನಲ್ಲ, ಈಗ ಕೇಳುತ್ತೇನೆ. ಗದಗಿನಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಕೂತು, ಫೋನು ಸ್ಪೀಕರಿಗೆ ಹಾಕಿ, ಮಗಳ ನೆಂಟಸ್ತನ ಮಾತಾಡುತ್ತೀರಿ. ಹುಡುಗ ಹೇಗಿದ್ದಾನೆ, ಅವನ ಅವ್ವ ಹೇಗಿದ್ದಾಳೆ, ಅವನಿಗೆ ಕೂದಲು ಎಷ್ಟು ಉಳಿದಿದೆ. ಅಣ್ಣಿಗೇರಿ ಬರುವಷ್ಟರಲ್ಲಿ ಇಡೀ ಬಸ್ಸು ನಿಮ್ಮ ಬೀಗರು. ಹದಿನೈದು ದಿನಕ್ಕೆ ಆ ಮಾತು ಹುಡುಗನ ಮನೆಗೆ ಮುಟ್ಟುತ್ತದೆ. ಆಗ ನಿಮ್ಮ ಬೆರಳು ಯಾರ ಕಡೆ ಹೋಗುತ್ತದೆ? ಬಸ್ಸಿನ ಕಡೆ ಹೋಗುತ್ತದೆಯೇ? ನಾದಿನಿಯ ಕಡೆ. ಸೊಸೆಯ ಕಡೆ. ಇವಳೇ ಊದಿದ್ದಾಳೆ, ಇವಳನ್ನು ಬಿಟ್ಟು ಇನ್ನಾರಿಗೆ ಗೊತ್ತಿತ್ತು ಎಂದು. ಅವಳು ಅಲ್ರೀ ಅತ್ತಿ ಎಂದು ಬಾಯಿ ತೆರೆದರೆ, ನೋಡಿದಿರಾ ಹ್ಯಾಂಗ ಉತ್ತರಾ ಕೊಡ್ತಾಳ ಎನ್ನುತ್ತೀರಿ. ನಾನು ನಿಮ್ಮ ಧ್ವನಿಯಲ್ಲಿ ಅಂದೆ, ನೀವೇ ನಕ್ಕಿರಿ. ಪಕ್ಕದವರನ್ನು ನೋಡಿ ನಗಬೇಡಿ, ಅವರೂ ನಿಮ್ಮನ್ನೇ ನೋಡಿ ನಗುತ್ತಿದ್ದಾರೆ.

ಯಾರು ಹೇಳಿದರು ಎಂದು ಕೇಳುವ ಮೊದಲು, ನಾನು ಎಲ್ಲಿ ಹೇಳಿದ್ದೆ ಎಂದು ಕೇಳಿಕೊಳ್ಳಿ. ಇವತ್ತಿನಿಂದ ಇಷ್ಟು ಮಾಡಿ. ಮನೆಯವರ ಮೇಲೆ ಸಂಶಯ ಬಂದ ದಿನ, ಬೀಗ ನೋಡುವ ಮೊದಲು ಹೋಗಿ ನಿಮ್ಮ ಕಿಟಕಿ ನೋಡಿಕೊಂಡು ಬನ್ನಿ. ಮತ್ತೆ ಯಾರೋ ನಿಮ್ಮ ಮನೆಯಲ್ಲಿ ಒಂದು ಮಾತು ಅರ್ಧಕ್ಕೆ ನಿಲ್ಲಿಸಿದ್ದಾರೆ, ನಿಮ್ಮ ಕಣ್ಣಿಗೆ ಹೆದರಿ. ಅದು ಯಾರು ಎಂದು ನಿಮಗೆ ಗೊತ್ತು. ಅವರ ಹತ್ತಿರ ಹೋಗಿ, ಅವತ್ತು ಏನು ಹೇಳಲು ಬಂದಿದ್ದೆ ಎಂದು ಕೇಳಿ. ಕೇಳಿ ಸುಮ್ಮನಿರಿ. ಉತ್ತರ ಕೊಡಲು ಹೋಗಬೇಡಿ.

ಇದಕ್ಕಿಂತ ದೊಡ್ಡದು ಒಂದಿದೆ. ಅಧ್ಯಕ್ಷ ಬರೆದದ್ದು ಏನು? ಹೊರಡತಕ್ಕದ್ದು. ಗೊಣಗಿದ್ದು ಏನು? ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಿಂತ ಹೆಚ್ಚು ಎಂದು. ನಾವೂ ಹಾಗೇ ಅಲ್ಲವೇ? ಬೈಗುಳಕ್ಕೆ ಹದ್ದಿನ ಮೊಹರು, ಪ್ರೀತಿ ಮಾತ್ರ ಬಾಯೊಳಗೆ. ಮಗನಿಗೆ ಫೋನು ಮಾಡಿದರೆ ನಾವು ಓದುವುದು ಸರ್ಕಾರಿ ಕಾಗದ: ಯಾಕೆ ತಡ, ಎಲ್ಲಿದ್ದಿ, ಲೈಟಿನ ಬಿಲ್ಲು ಕಟ್ಟಿದೆಯಾ. ಖಾಸಗಿ ಕಾಗದ ಎದೆಯಲ್ಲೇ ಇಟ್ಟು ಬೀಗ ಹಾಕುತ್ತೇವೆ. ಊರಿಗೆಲ್ಲ ಕೇಳಬಾರದ್ದನ್ನು ಒದರುತ್ತೇವೆ, ಮನೆಯವರಿಗೆ ಕೇಳಬೇಕಾದ್ದನ್ನು ಗೊಣಗುತ್ತೇವೆ. ಇವತ್ತು ಹೋಗಿ ಅದನ್ನು ತಿರುವುಮುರುವು ಮಾಡಿ. ಪ್ರಸಾದ ತೆಗೆದುಕೊಂಡೇ ಹೋಗಿ, ಆದರೆ ಮಾಡಿ.

ಈಗ ಅಧ್ಯಕ್ಷ. ಅವನು ಆ ಎರಡು ಕಾಗದವನ್ನೂ ಒಂದೇ ಕೈಗೆ ತೆಗೆದುಕೊಂಡ. ಜೇಬಿಗೆ ಕೈ ಹಾಕಿದ, ಲವಂಗದ ಎಣ್ಣೆಯ ಬಾಟಲಿ ಕೈಗೆ ಬಂತು. ಅದನ್ನು ನೋಡಿದ. ತೆರೆದ ಕಿಟಕಿ ನೋಡಿದ. ಹೆಂಡತಿಯ ಬೆರಳಿನಲ್ಲಿ ಇನ್ನೂ ಇದ್ದ ಲೋಹದ ಟೊಪ್ಪಿಗೆ ನೋಡಿದ, ಅದಕ್ಕೆ ಅರಗು ಮೆತ್ತಿತ್ತು. ಆಮೇಲೆ ತನ್ನ ಪ್ರಕಾರ ಬಹಳ ಮೆಲ್ಲಗೆ, ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

"ನಾ ಏನು ಅಷ್ಟು ಜೋರ ಮಾತಾಡತೀನೇನು?"

ಹೆಂಡತಿ ಬಾಯಿ ತೆರೆಯುವ ಮೊದಲೇ ಉತ್ತರವನ್ನು ಕಿಟಕಿಯ ಆಚೆಯ ಬ್ರೆಡ್ಡಿನ ಸಾಲು ಕೊಟ್ಟಿತು. "ಹೌದ್ರೀ ಸಾಹೇಬ್ರ."

ಮೊದಲು ನಕ್ಕವಳು ಅಡುಗೆಯವಳು, ಸೆರಗು ಬಾಯಿಗೆ ತುರುಕಿಕೊಂಡು. ಆಮೇಲೆ ಹೆಂಡತಿ. ಬೀದಿಯವರು ಬುಟ್ಟಿ ಕೆಳಗಿಟ್ಟು ನಕ್ಕರು. ಸೋದರಳಿಯ ನಗಬೇಕೋ ಅಳಬೇಕೋ ತಿಳಿಯದೆ ಟ್ರಂಕಿನ ಮೇಲೆ ಕೂತುಬಿಟ್ಟ. ಅಧ್ಯಕ್ಷ ಎದ್ದು ಬಂದ. ಮಸಿ ಆರದ ಸರ್ಕಾರಿ ಕಾಗದವನ್ನು ಮುದ್ದೆ ಮಾಡಿ ಎಸೆದ. ಖಾಸಗಿಯದನ್ನು ಮಡಚಿ ಹುಡುಗನ ಜೇಬಿಗೆ ಇಟ್ಟ, ಅವನ ಪಕ್ಕ ಅದೇ ಟ್ರಂಕಿನ ಮೇಲೆ ಕೂತು ಭುಜಕ್ಕೆ ಕೈ ಹಾಕಿದ. ಹಾಕಿ ನಕ್ಕ. ಬಾಯಿ ಬಿಡದ ಮನುಷ್ಯ ಬಾಯಿ ಬಿಟ್ಟು, ಹೊಟ್ಟೆ ಹಿಡಿದುಕೊಂಡು, ನೋಯುವ ಹಲ್ಲೂ ಕಾಣುವ ಹಾಗೆ ನಕ್ಕ. ಕಿಟಕಿಯ ಗಾಜು ಅಲುಗಿತು, ಲಾಯದಲ್ಲಿ ಕುದುರೆ ಕೆನೆಯಿತು, ಉಳಿದವರ ನಗುವೆಲ್ಲ ಅದರಲ್ಲಿ ಮುಳುಗಿಹೋಯಿತು. ದೂರದ ಬಂದರಿನಲ್ಲಿ ಹಡಗಿನವರು ತೋಪು ಹಾರಿತೇನೋ ಎಂದು ತಿರುಗಿ ನೋಡಿದರು.

ತಾನು ಮುಗುಳ್ನಕ್ಕೆ ಎಂದೇ ಅವನು ಕೊನೆಯವರೆಗೂ ತಿಳಿದಿದ್ದ.